ಪಹಣಿಯಲ್ಲಿದ್ದ ನನ್ನ ಹೆಸರು

ನಾನು ವಕೀಲಳಾದದ್ದು ಸೇಡಿಗಾಗಿ. ಶಾಲು ಹೊದಿಸಿ ಹಾರ ಹಾಕಿದವರ ಮುಂದೆ ಮೈಕು ಹಿಡಿದು, ಬಡವರಿಗೆ ನ್ಯಾಯ ಕೊಡಿಸಲೆಂದು ಈ ವೃತ್ತಿಗೆ ಬಂದೆ ಅಂತ ಎರಡು ಸಲ ಹೇಳಿದ್ದೇನೆ. ಎರಡು ಸಲವೂ ಸುಳ್ಳು ಹೇಳಿದೆ. ನನ್ನ ಕಣ್ಣ ಮುಂದೆ ಇದ್ದವನು ಒಬ್ಬನೇ: ನನ್ನ ಸೋದರಮಾವ, ಅವ್ವನ ಬೆನ್ನಿಗೆ ನಿಲ್ಲಬೇಕಾಗಿದ್ದ ಅಣ್ಣ. ಅವ್ವ ಕೂತ ಜಾಗದಲ್ಲಿ ಅವನನ್ನು ಒಂದು ದಿನ ಕೂರಿಸಬೇಕು, ಅಷ್ಟೇ. ಅದಕ್ಕೆ ಎಷ್ಟು ಓದಬೇಕೋ ಅಷ್ಟು ಓದಿದೆ.

ಆಗ ನಾನು ಮೂರನೆಯ ಇಯತ್ತೆ. ಅವ್ವನ ಅಪ್ಪ ತೀರಿಕೊಂಡು ವರ್ಷ ತುಂಬಿರಲಿಲ್ಲ. ಮಸ್ಕಿಯಲ್ಲಿದ್ದ ನಮ್ಮ ಮನೆಯ ಮುಂದೆ ಒಂದು ದಿನ ಮಾವನ ಜೀಪು ಬಂದು ನಿಂತಿತು. 'ಅಪ್ಪನ ಹೊಲಕ್ಕ ವಾರಸಾ ಹಚ್ಚಬೇಕು, ನಿನ್ನದೊಂದು ಸಾಕ್ಷಿ ಬೇಕು, ನಡಿ ತಂಗಿ' ಅಂದ. ಅಣ್ಣ ತಾನೇ ಬಂದು ಕರೆದನಲ್ಲ ಅಂತ ಅವ್ವನಿಗೆ ಹಿಗ್ಗು. ತಲೆ ಬಾಚಿಕೊಂಡು, ನನ್ನನ್ನೂ ಎಳೆದುಕೊಂಡು ಹತ್ತಿದಳು. ಲಿಂಗಸುಗೂರಿನ ನೋಂದಣಿ ಕಚೇರಿಯ ಮುಂದಿನ ಕಲ್ಲಿನ ಕಟ್ಟೆಯ ಮೇಲೆ ಮುಂಜಾನೆಯಿಂದ ಮೂರನೆಯ ಜಾವದವರೆಗೆ ಕೂತೆವು. ಮಾವ ಬಾಂಡ್ ಬರೆಯುವವನ ಜೊತೆ ಎರಡು ಸಲ ಚಹಾ ಕುಡಿದು ಬಂದ. ನಮ್ಮನ್ನು ನೀರು ಬೇಕೇನು ಅಂತಲೂ ಕೇಳಲಿಲ್ಲ.

ಒಳಗೆ ಕರೆದಾಗ ಅವ್ವ ಪೆನ್ನಿಗೆ ಕೈ ಚಾಚಿದಳು. ಅವಳು ನಾಲ್ಕನೆಯ ಇಯತ್ತೆಯವರೆಗೆ ಶಾಲೆಗೆ ಹೋದವಳು. ತನ್ನ ಹೆಸರನ್ನು ಗುಂಡಗೆ, ಒಂದೊಂದೇ ಅಕ್ಷರ ಬಿಡಿಸಿ ಬರೆಯುವಳು. ರೇಶನ್ ಅಂಗಡಿಯಲ್ಲಿ ಓಣಿಯ ಹೆಂಗಸರೆಲ್ಲ ಹೆಬ್ಬೆಟ್ಟು ಒತ್ತುವಾಗ ಇವಳೊಬ್ಬಳು ಸಹಿ ಮಾಡುವುದು ನನಗೂ ದೊಡ್ಡ ಪ್ರತಿಷ್ಠೆಯ ಸಂಗತಿಯಾಗಿತ್ತು.

'ನನಗ ಸಹಿ ಬರ್ತತಿ ಅಣ್ಣಾ' ಅಂದಳು.

'ಹೆಬ್ಬಟ್ಟ ಒತ್ತ ಬೇ, ಹಿಂದ ಮಂದಿ ನಿಂತಾರ' ಅಂದ ಮಾವ. ಅವನೇ ಅವಳ ಕೈ ಹಿಡಿದು, ಮಸಿಯ ಡಬ್ಬಿಗೆ ಒತ್ತಿಸಿ, ಹಾಳೆಯ ಮೇಲೆ ಒತ್ತಿಸಿದ. ಹಿಂದೆ ನಿಂತಿದ್ದವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅವ್ವ ಹೆಬ್ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಹೊರಗೆ ಬಂದಳು. ಮಾವ ಜೀಪಿನಿಂದ ಒಂದು ಸೀರೆ, ಒಂದು ಕುಬಸದ ಖಣ ತಂದು ಅವಳ ಉಡಿಗೆ ಹಾಕಿದ. 'ಅರಿಷಿಣ ಕುಂಕುಮಕ್ಕಂತ ತಿಳಕೋ' ಅಂದ. ಹಸಿರು ಸೀರೆ, ಕೆಂಪು ಅಂಚು. ನಮ್ಮನ್ನು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿ ಹೋದ.

ನಮ್ಮ ಕಡೆ ಹೆಣ್ಣುಮಕ್ಕಳ ಪಾಲು ಹೋಗುವುದೇ ಹೀಗೆ. ಸೀರೆ, ಕುಬಸ, ಹೆಬ್ಬೆಟ್ಟು. ಆ ವರ್ಷ ಪಂಚಮಿಗೆ ತವರಿಗೆ ಕರೆದೊಯ್ಯಲು ಅಣ್ಣ ಬರುತ್ತಾನೆಂದು ಅವ್ವ ಚೀಲ ತುಂಬಿಟ್ಟುಕೊಂಡು ಬಾಗಿಲಲ್ಲಿ ಕೂತಳು. ಕರೆಯಲು ಯಾರೂ ಬರಲಿಲ್ಲ. ಮುಂದಿನ ವರ್ಷವೂ ಬರಲಿಲ್ಲ. ಆಗ ನನ್ನ ಅಪ್ಪ ಲಿಂಗಸುಗೂರಿಗೆ ಹೋಗಿ ಆ ಕಾಗದದ ನಕಲು ತಂದು ಓದಿ ಹೇಳಿದ. ತಂದೆಯ ಹೆಸರಿನಲ್ಲಿರುವ ಜಮೀನಿನಲ್ಲಿ ನನಗಿರುವ ಹಕ್ಕನ್ನೆಲ್ಲ ಅಣ್ಣನಿಗೆ ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಬಿಟ್ಟುಕೊಟ್ಟಿದ್ದೇನೆ ಅಂತ ಬರೆದಿತ್ತು. ಅವ್ವ ಅಳಲಿಲ್ಲ. 'ನಾ ಯಾವಾಗ ಖುಷಿಯಾಗಿದ್ದೆ?' ಅಂತ ಕೇಳಿದಳು. ಸೀರೆಯನ್ನು ಉಡದೆ, ಯಾರಿಗೂ ಕೊಡದೆ, ಟ್ರಂಕಿನ ತಳಕ್ಕೆ ಹಾಕಿದಳು. ನಾನು ವಕೀಲಳಾಗುತ್ತೇನೆ ಅಂದದ್ದು ಆವತ್ತೇ.

ಕಾನೂನು ಓದಿದ್ದು ರಾಯಚೂರಿನಲ್ಲಿ. ಮುಗಿಸಿ ಬಂದು ಲಿಂಗಸುಗೂರಿನಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಸೇರಿದೆ. ಅವರ ಕೆಲಸವೆಲ್ಲ ಮೃತ್ಯುಪತ್ರ, ಪಾಲು ಹಂಚುವ ವಾಟ್ನಿಪತ್ರ, ದಾನಪತ್ರ. ಮನುಷ್ಯ ಸತ್ತ ಮೇಲೆ ಅವನ ಹೊಲಮನೆ ಯಾರಿಗೆ ಹೋಗಬೇಕು ಅನ್ನುವುದನ್ನು ಅವನು ಬದುಕಿದ್ದಾಗಲೇ ಬರೆದಿಡುವ ಕೆಲಸ. ಆ ಹಿರಿಯರ ಬಾಯಲ್ಲಿ ಸದಾ ಎಲೆ ಅಡಿಕೆ, ಮಾತು ಕಡಿಮೆ. ಯಾರೇ ಬರಲಿ, ಎಷ್ಟೇ ದೊಡ್ಡ ಗೌಡ ಬರಲಿ, ಮೊದಲು ಒಂದು ಬಿಳಿ ಹಾಳೆ ತೆಗೆದು ವಂಶಾವಳಿ ಬರೆಸುವರು. ಅದು ಮುಗಿಯುವವರೆಗೆ ಮುಂದಿನ ಮಾತೇ ಇಲ್ಲ.

'ಮಕ್ಕಳೆಷ್ಟು?' ಅಂತ ಕೇಳಿದರೆ ಬಂದವರು 'ಎರಡ್ರಿ' ಅನ್ನುವರು.

'ಹೆಣ್ಣುಮಕ್ಕಳು?'

'ಅವು ಮೂರದಾವ್ರಿ.'

ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು. ಹಿರಿಯರು ನಗುತ್ತಲೂ ಇರಲಿಲ್ಲ, ಸಿಟ್ಟಿಗೂ ಏಳುತ್ತಿರಲಿಲ್ಲ. ಕೆಂಪು ಪೆನ್ನಿನಿಂದ ಮೂರು ಸುತ್ತು ಹಾಕಿ, ಹೆಸರು ಹೇಳ್ರಿ ಅನ್ನುವರು. ತಾಯಿಯ ಹೆಸರು, ಅಜ್ಜಿಯ ಹೆಸರು, ಅತ್ತೆಯ ಹೆಸರು. ಗಂಡಸರು ಅಲ್ಲಿ ತಡಬಡಾಯಿಸುವರು. 'ನಮ್ಮವ್ವಗ ಎಲ್ಲಾರೂ ದೊಡ್ಡಕಿ ಅಂತಿದ್ರರಿ' ಅಂದ ಒಬ್ಬ ಅರವತ್ತು ವರ್ಷದ ಮನುಷ್ಯ. ಅವನು ಹೋದ ಮೇಲೆ ಹಿರಿಯರು ನನಗೆ ಹೇಳಿದರು: 'ಈ ಮಂದಿ ಹೊಲದ ಬದುವಿನ ಕಲ್ಲು ಎಣಿಸಿ ಇಟಗೊಂಡಿರ್ತಾರ, ಹಡದಾಕಿ ಹೆಸರು ಗೊತ್ತಿರಂಗಿಲ್ಲ. ಜಗಳ ಹುಟ್ಟೋದು ಅಲ್ಲೇ. ಹೆಂಗಸರ ಹೆಸರು ಮೊದಲು ಕೇಳು.' ನನ್ನ ಇಡೀ ವೃತ್ತಿಗೆ ಅವರು ಕೊಟ್ಟ ಪಾಠ ಅದೊಂದೇ.

ನಾನು ಸಿಂಧನೂರಿನಲ್ಲಿ ನನ್ನದೇ ಕಚೇರಿ ತೆರೆದ ಹೊಸತರಲ್ಲಿ ಜವಳಗೇರಾದ ಒಬ್ಬ ಕಕ್ಷಿದಾರ ಬಂದ. ಅವನ ಹೊಲದ ಚಕ್ಕುಬಂದಿ, ಅಂದರೆ ನಾಲ್ಕೂ ದಿಕ್ಕಿನ ಗಡಿ, ಸರಿಯಾಗಿ ಬರೆಯಲು ಸುತ್ತಲಿನ ಹೊಲಗಳ ಪಹಣಿಗಳನ್ನೂ ತೆಗೆಸಿದೆ. ಅದರಲ್ಲೊಂದು ಕಾಲುವೆಯ ದಂಡೆಯ ನಾಲ್ಕು ಎಕರೆ ಗದ್ದೆ. ನನಗೆ ಗೊತ್ತಿದ್ದ ಗದ್ದೆಯೇ. ಅಜ್ಜ ಮಾಡಿದ್ದು, ಈಗ ಮಾವ ಭತ್ತ ಬೆಳೆಯುತ್ತಿದ್ದದ್ದು. ಮಾಲೀಕರ ಕಾಲಮಿನಲ್ಲಿ ನನ್ನ ಹೆಸರಿತ್ತು.

ಗಂಡನ ಹೆಸರಿಲ್ಲ, ತಂದೆಯ ಹೆಸರಿಲ್ಲ. ಬರೀ ನನ್ನ ಹೆಸರು.  ಬಾಗಿಲು ಹಾಕಿಕೊಂಡು ಮಸ್ಕಿಯ ಬಸ್ಸು ಹತ್ತಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು. ಹಾಳೆಯನ್ನು ಅವಳ ಮುಖಕ್ಕೆ ಹಿಡಿದೆ. ಹಿಟ್ಟಿನ ಕೈಯಲ್ಲೇ ಇಸಿದುಕೊಂಡು ಓದಿದಳು. ಆಮೇಲೆ ಒಲೆ ಸಣ್ಣ ಮಾಡಿ ಹೇಳಿದಳು: 'ಇದು ನಿನ್ನ ಹೆಸರಲ್ಲ ತಾಯಿ, ನಮ್ಮವ್ವಂದು.'

ಅಜ್ಜಿಗೆ ತವರಿನಲ್ಲಿ ಇಟ್ಟ ಹೆಸರು ಅದು. ಮದುವೆಯಾಗಿ ಬಂದ ದಿನ ಗಂಡನ ಮನೆಯವರು ಅಕ್ಕಿಯಲ್ಲಿ ಬೇರೆ ಹೆಸರು ಬರೆಸಿದರು; ಅಂದಿನಿಂದ ಹಳೆಯ ಹೆಸರಿನಿಂದ ಯಾರೂ ಕರೆಯಲಿಲ್ಲ. ಅವಳು ಅದನ್ನು ಹೇಳಿದ್ದು ಮಗಳೊಬ್ಬಳಿಗೇ. 'ನಿನಗ ಹೆಣ್ಣು ಹುಟ್ಟಿದ್ರ ನನ್ನ ಹೆಸರಿಡು, ನನ್ನದಂತ ಯಾರ ಮುಂದೂ ಅನಬ್ಯಾಡ' ಅಂದಿದ್ದಳಂತೆ. ಅವ್ವ ಹಾಗೆಯೇ ಮಾಡಿದ್ದಳು. ಹೊಲದ ಸಂಗತಿ ಮಾತ್ರ ಅವ್ವನಿಗೂ ಗೊತ್ತಿರಲಿಲ್ಲ, ಅಜ್ಜಿಗೂ ಗೊತ್ತಿದ್ದಂತಿಲ್ಲ. ಒಬ್ಬನ ಹತ್ತಿರ ಇಷ್ಟೇ ಭೂಮಿ ಇರಬೇಕು ಅಂತ ಸರಕಾರ ಕಾಯ್ದೆ ಮಾಡಿದಾಗ, ಅಜ್ಜ ಆ ಗದ್ದೆಯನ್ನು ಹೆಂಡತಿಯ ತವರು ಹೆಸರಿಗೆ ಹಚ್ಚಿಸಿ, ಯಾರೋ ಬೇರೆ ಹೆಂಗಸಿನದು ಅನ್ನುವಂತೆ ಮಾಡಿ ಸರಕಾರದ ಕಣ್ಣಿಗೆ ಮಣ್ಣೆರಚಿದ್ದ. ಅದನ್ನು ಮಗನಿಗೂ ಹೇಳದೆ ಸತ್ತಿದ್ದ. ಮಾವನಿಗೆ ಆ ಪಹಣಿ ತೆಗೆಸಿ ನೋಡುವ ಪ್ರಸಂಗವೇ ಬಂದಿರಲಿಲ್ಲ; ಮನೆಯ ಹೊಲವೆಲ್ಲ ಅಪ್ಪನದು, ಅಪ್ಪನದೆಲ್ಲ ನನ್ನದು ಅಂತ ತಿಳಿದಿದ್ದ.

ಅವ್ವ ಒತ್ತಿದ ಹೆಬ್ಬೆಟ್ಟು ತಂದೆಯ ಹೆಸರಿನ ಜಮೀನಿಗೆ ಮಾತ್ರ. ಪಾಮನಕಲ್ಲೂರಿನ ಒಣ ಹೊಲ ಅದರಲ್ಲಿ ಹೋಯಿತು. ಕಾಗದ ಬರೆಸಿದಾಗ ಅಜ್ಜಿ ಇನ್ನೂ ಬದುಕಿದ್ದಳು. ಅವಳು ತೀರಿಕೊಂಡ ಮೇಲೆ ಈ ಕಾಲುವೆ ಗದ್ದೆ ಮಗನಿಗೂ ಮಗಳಿಗೂ ಸಮಸಮ. ನಾನು ಆವತ್ತೇ ದಾವೆ ಹೂಡಬಹುದಿತ್ತು. ಹೂಡಲಿಲ್ಲ. ಅರ್ಧ ಸಿಗುತ್ತಿತ್ತು, ಅರ್ಧಕ್ಕೆ ನನ್ನ ಹೊಟ್ಟೆ ತಣ್ಣಗಾಗುತ್ತಿರಲಿಲ್ಲ. ಮಾವ ತಾನಾಗಿ ನಡೆದು ಬರಬೇಕು ಅಂತ ಕಾದೆ. ಹನ್ನೆರಡು ವರ್ಷ ಕಾದೆ. ಪ್ರತಿ ವರ್ಷ ಪಂಚಮಿಯ ಮರುದಿನ ಆ ಪಹಣಿಯ ಹೊಸ ನಕಲು ತೆಗೆಸಿ, ಹೆಸರು ಬದಲಾಗಿಲ್ಲ ಅಂತ ನೋಡಿ, ಫೈಲಿಗೆ ಹಾಕುತ್ತಿದ್ದೆ. ಇದನ್ನು ಓದಿ ನಾನು ಕೆಟ್ಟ ಹೆಂಗಸು ಅನ್ನುವವರು ಅನ್ನಿರಿ. ಆ ಕಟ್ಟೆಯ ಮೇಲೆ ನೀವು ಕೂತಿರಲಿಲ್ಲ.

ಹೋದ ವರ್ಷ ಮಾವ ಬಂದ. ಅವನ ಇಬ್ಬರು ಗಂಡುಮಕ್ಕಳು ಒಲೆ ಬೇರೆ ಮಾಡಿ, ಆಸ್ತಿಯ ವಾಟ್ನಿ ಕೇಳಿದ್ದರು. ವಾಟ್ನಿಗೆಂದು ಪಹಣಿ ತೆಗೆಸಿದಾಗ ತಂಗಿಯ ಮಗಳ ಹೆಸರು, ಅಂದರೆ ನನ್ನ ಹೆಸರು ಕಂಡಿದೆ. ಸಿಂಧನೂರಿನ ಕೋರ್ಟಿನ ಅಂಗಳದಲ್ಲಿ, ಎಲ್ಲ ವಕೀಲರೂ ಚಹಾ ಕುಡಿಯುತ್ತಿದ್ದ ಹೊತ್ತಿಗೆ, ಬೇವಿನ ಗಿಡದ ಕೆಳಗೆ ನನ್ನನ್ನು ಹಿಡಿದ. ಲಕ್ವಾ ಹೊಡೆದು ಬಲಗೈ ಅರ್ಧ ಸೆಟೆದಿತ್ತು, ಆದರೆ ದನಿ ಮೊದಲಿನದೇ.

'ಕಳ್ಳಿ! ವಕೀಲಕಿ ಕಲತು ಮಾವನ ಹೊಲಕ್ಕ ನಿನ್ನ ಹೆಸರು ಹಚಗೊಂಡಿಯೇನ್ ಬೇ? ನನ್ನ ಹೊಲದಾಗ ನಿನ್ನ ಹೆಸರು ಹ್ಯಾಂಗ ಬಂತು ಹೇಳು!'

 ನಾನು ಸಾವಕಾಶವಾಗಿ ಕೇಳಿದೆ: 'ಮಾವ, ಈ ಹೆಸರಿನಾಕಿ ನಿಮ್ಮ ಮನ್ಯಾಗ ಯಾರೂ ಇದ್ದಿಲ್ಲೇನ್ರಿ? ಚಂದಂಗ ನೆನಪ ಮಾಡಿಕೊಳ್ರಿ.'

'ಯಾರೂ ಇದ್ದಿಲ್ಲ! ನಮ್ಮ ವಂಶದಾಗ ಆ ಹೆಸರಿನ ಹೆಣ್ಣು ಹುಟ್ಟೂ ಇಲ್ಲ, ಬಂದೂ ಇಲ್ಲ!'

'ಹಂಗಾದ್ರ ಬರದು ಕೊಡ್ರಿ. ತಹಸೀಲ್ದಾರರಿಗೆ ತಕರಾರು ಅರ್ಜಿ ಕೊಡ್ರಿ.'

ಒಂದು ಮಾತು, ಅದು ನಿಮ್ಮ ಹಡೆದವ್ವನ ಹೆಸರು ಅಂತ ಒಂದು ಮಾತು ಹೇಳಿದ್ದರೆ ಅವನು ಅಲ್ಲೇ ಬಚಾವಾಗುತ್ತಿದ್ದ. ನಾನು ಹೇಳಲಿಲ್ಲ. ವಾರದೊಳಗೆ ಅರ್ಜಿ ಕೊಟ್ಟ. ಸದರಿ ಹೆಸರಿನ ಮಹಿಳೆ ನಮ್ಮ ಕುಟುಂಬದಲ್ಲಿ ಹಿಂದೆಯೂ ಇದ್ದಿಲ್ಲ, ಈಗಲೂ ಇಲ್ಲ, ಆಕೆಗೂ ನನಗೂ ಯಾವ ರಕ್ತಸಂಬಂಧವೂ ಇಲ್ಲ, ಇದು ನನ್ನ ತಂಗಿಯ ಮಗಳು ಮಾಡಿದ ಖೊಟ್ಟಿ ದಾಖಲೆ. ಹೆಬ್ಬೆಟ್ಟು ಒತ್ತಿದರೆ ಮರ್ಯಾದೆ ಹೋದೀತೆಂದು, ಆ ಸೆಟೆದ ಕೈಯಿಂದಲೇ ಪುಟಪುಟಕ್ಕೂ ಹಠದಿಂದ ಸಹಿ ಮಾಡಿದ್ದ. ನಕಲು ಕೈಗೆ ಬಂದಾಗ ನಾನು ಎರಡು ಸಲ ಓದಿದೆ, ಹಾಲು ಕುಡಿದಷ್ಟು ಸಂತೋಷವಾಯಿತು. ಖುಷಿಗೆ ಕಚೇರಿಯಲ್ಲಿ ಒಬ್ಬಳೇ ನಕ್ಕೆ.

ಆಮೇಲಿನ ಕೆಲಸ ಸರಳ. ನನ್ನದೇ ಮನೆಯ ವ್ಯಾಜ್ಯವಾದ್ದರಿಂದ ಗೆಳತಿಯಾದ ಇನ್ನೊಬ್ಬ ವಕೀಲೆಯಿಂದ ಅವ್ವನ ಪರವಾಗಿ ಉತ್ತರ ಹಾಕಿಸಿದೆ. ಅವ್ವನ ಹೇಳಿಕೆ ಇಷ್ಟೇ: ಆ ಹೆಸರಿನವಳು ನನ್ನ ತಾಯಿ, ನಾನು ಅವಳ ಮಗಳು, ಇಗೋ ವಂಶಾವಳಿ. ಅಜ್ಜಿಯ ತವರೂರಿನ ಒಬ್ಬ ಮುದುಕಪ್ಪ ಬಂದು, ಎರಡೂ ಹೆಸರು ಒಬ್ಬಳದೇ ಅಂತ ಹೇಳಿಕೆ ಕೊಟ್ಟ. ಮಗ ಮಾತ್ರ ತಾನು ಆಕೆಯ ಮಗನಲ್ಲ ಅಂತ ಸ್ವಹಸ್ತದಿಂದ ಬರೆದುಕೊಟ್ಟಿದ್ದಾನೆ. ನೋಟೀಸು ಹೋದ ಮೇಲೆ ಮಾವನ ವಕೀಲರು ಅವನಿಗೆ ಹೇಳಿದರಂತೆ: ಯಜಮಾನ್ರ, ನೀವ ಬರದದ್ದನ್ನ ನೀವ ಅಳಿಸಾಕ ವರ್ಷಗಟ್ಟಲೆ ಹಿಡೀತೈತಿ, ಹೋಗಿ ತಂಗಿ ಕಾಲು ಹಿಡೀರಿ.

ಅವನು ಮಸ್ಕಿಗೆ ಬಂದ ದಿನ ನಾನೂ ಮನೆಯಲ್ಲಿದ್ದೆ. ಮೂವತ್ತು ವರ್ಷದ ಮೇಲೆ ಅಣ್ಣ ಹೊಸ್ತಿಲು ತುಳಿದಿದ್ದ. ಅವ್ವ ಬಾ ಅನ್ನಲಿಲ್ಲ, ಹೋಗು ಅನ್ನಲಿಲ್ಲ. ಚಾಪೆ ಹಾಸಿದಳು. ಒಳಗೆ ಹೋಗಿ ಹಿತ್ತಾಳೆಯ ತಂಬಿಗೆಯಲ್ಲಿ ನೀರು ತಂದಿಟ್ಟಳು. ಮಾವ ಎತ್ತಿ ಗಟಗಟ ಕುಡಿದ.

'ಅಣ್ಣಾ, ಕಂಠದಾಗ ಏನೋ ಬರದೈತಿ ನೋಡು.'

ನಮ್ಮ ಕಡೆ ಮದುವೆಯಲ್ಲಿ ತವರಿನವರು ಕೊಡುವ ಪಾತ್ರೆಗೆ ಮಗಳ ಹೆಸರು ಕೆತ್ತಿಸುವುದು ರೂಢಿ. ಅಜ್ಜಿ ಸಾಯುವ ಮುಂಚೆ ಅವ್ವನಿಗೆ ಕೊಟ್ಟದ್ದು ಆ ತಂಬಿಗೆಯೊಂದೇ. ಮಾವ ಅದನ್ನು ಬೆಳಕಿಗೆ ಹಿಡಿದು, ತಿಕ್ಕಿ ತಿಕ್ಕಿ ಸವೆದ ಅಕ್ಷರಗಳನ್ನು ಕೂಡಿಸಿ ಓದಿದ. ಹೆಸರು, ಅದರ ಕೆಳಗೆ ತವರೂರು.

'ಹುಡುಗ ಇದ್ದಾಗ ಇದರಾಗ ನೀರು ಕುಡದಿದ್ದಿ' ಅಂದಳು ಅವ್ವ. 'ಅವ್ವನ ಹೆಸರು ಏನಂತ ಒಂದಿನಾನೂ ಕೇಳಲಿಲ್ಲಲ್ಲೋ.'

ಮಾವ ತಂಬಿಗೆ ಕೆಳಗಿಟ್ಟು ಟವೆಲಿನಿಂದ ಮುಖ ಒರೆಸಿಕೊಂಡ. 'ತಪ್ಪಾತು ತಂಗಿ. ನನ್ನ ಮಕ್ಕಳು ಬಡದಾಡಾಕತ್ತಾರ. ಅರ್ಧ ನೀ ತಗೊ, ಅರ್ಧ ನನಗ ಬಿಡು. ನನ್ನವ್ವನೂ ಹೌದಲ್ಲ ಅಕಿ.'

ಇಲ್ಲಿ ನಾನು ನನ್ನ ಬಗ್ಗೆಯೂ ನಿಜ ಹೇಳಬೇಕು. ಹನ್ನೆರಡು ವರ್ಷ ಹಲ್ಲು ಕಡಿದು ಕಾದವಳು ನಾನು. ಆದರೆ ಆ ಸೆಟೆದ ಕೈ, ಟವೆಲು, ಒದ್ದೆ ಗಡ್ಡ ನೋಡಿ ನನ್ನ ಮನಸ್ಸು ಥೂ ಅನ್ನುವಷ್ಟು ಮೆತ್ತಗಾಯಿತು. 'ಯವ್ವಾ, ಅರ್ಧ ಅಂದ್ರ ಕಾಯ್ದೆ ಪ್ರಕಾರ...' ಅಂತ ಬಾಯಿ ತೆರೆದೆ.

'ನೀ ಸುಮ್ಕಿರು' ಅಂದಳು ಅವ್ವ. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. 'ಅಣ್ಣಾ, ಒಣ ಹೊಲದಾಗ ನನಗ ಅರ್ಧ ಇತ್ತು. ಕೊಟ್ಟಿಯೇನು? ಅದು ನಿನಗಿರಲಿ. ಕಾಲುವಿ ಹೊಲ ಪೂರಾ ನನಗ. ನೀ ಬರಕೊಡು. ಇಲ್ಲಾಂದ್ರ ಕೋರ್ಟಿನಾಗ ನಾ ಅವ್ವನ ಮಗಳಂತೀನಿ, ನೀ ಅಲ್ಲ ಅಂತ ನಿಂದ ಕಾಗದ ಹೇಳ್ತತಿ.'

ಆಮೇಲೆ ಎದ್ದು ಹೋಗಿ ಟ್ರಂಕು ತೆಗೆದಳು. ಹಸಿರು ಸೀರೆ ಮಡಿಕೆಯ ಗೆರೆಗುಂಟ ಹಳದಿಗಟ್ಟಿತ್ತು. ಖಣವನ್ನು ಮೇಲಿಟ್ಟು, ಎಲೆ ಅಡಿಕೆ ಇಟ್ಟು, ಮಾವನ ಉಡಿಗೆ, ಅಂದರೆ ಅವನ ಧೋತರದ ಮಡಿಲಿಗೆ ಹಾಕಿದಳು. 'ಅರಿಷಿಣ ಕುಂಕುಮಕ್ಕಂತ ತಿಳಕೋ' ಅಂದಳು. ಮಾವ ಅದನ್ನು ಎತ್ತಿಕೊಳ್ಳಲೂ ಆಗದೆ, ಕೆಳಗಿಡಲೂ ಆಗದೆ ಬಹಳ ಹೊತ್ತು ಕೂತಿದ್ದ.

ಕಾಗದವನ್ನು ಗೆಳತಿಯೇ ಬರೆದಳು. ಗದ್ದೆ ಸಿಂಧನೂರು ತಾಲ್ಲೂಕಿನದಾದ್ದರಿಂದ ನೋಂದಣಿಯೂ ಸಿಂಧನೂರಿನಲ್ಲೇ. ಮಾವ ಮಕ್ಕಳಿಬ್ಬರನ್ನೂ ಬಿಟ್ಟು ಒಬ್ಬನೇ ಬಂದ. ಕಚೇರಿಯ ಹೊರಗಿನ ಬೆಂಚಿನ ಮೇಲೆ ಮೂರು ತಾಸು ಕೂತ. ನಾನು ಅವನಿಗೆ ಚಹಾ ತರಿಸಿದೆ, ನಾನು ಮಾವನಲ್ಲ. ಅವ್ವನಿಗೆ ಅಂದು ಯಾರೂ ಓದಿ ಹೇಳಿರಲಿಲ್ಲವೆಂದು, ನಾನು ಅವನ ಪಕ್ಕ ಕೂತು ಪೂರಾ ಕಾಗದವನ್ನು ಗಟ್ಟಿಯಾಗಿ ಓದಿ ಹೇಳಿದೆ. ಸ್ವಖುಷಿಯಿಂದ, ಯಾರ ಒತ್ತಾಯವೂ ಇಲ್ಲದೆ ಅನ್ನುವ ಸಾಲು ಬಂದಾಗ ಸ್ವಲ್ಪ ತಡೆದು ಅವನ ಮುಖ ನೋಡಿದೆ. ಹೌದು, ಬೇಕಂತಲೇ ನೋಡಿದೆ. ಅವನು ನೆಲ ನೋಡುತ್ತಿದ್ದ.

ನಮ್ಮ ಸರದಿ ಬಂತು. ಮಾವ ಪೆನ್ನು ಹಿಡಿದ. ಅರ್ಜಿಗೆ ಸಹಿ ಮಾಡಿದಾಗಿಗಿಂತ ಕೈ ಈಗ ಇನ್ನಷ್ಟು ಸೆಟೆದಿತ್ತು, ಬೆರಳು ಮಡಚಲಿಲ್ಲ. ಎಡಗೈಯಿಂದ ಬಲಗೈಯನ್ನು ಒತ್ತಿ ಹಿಡಿದು ಮೊದಲ ಅಕ್ಷರದ ಅರ್ಧ ಎಳೆದ. ಪೆನ್ನು ಜಾರಿತು. ಮತ್ತೆ ಹಿಡಿದ.  ಅವನ ಬಗಲಲ್ಲಿ ನಿಂತಿದ್ದ ಅವ್ವ ಮೆಲ್ಲಗೆ, ಬಹಳ ಮೆಲ್ಲಗೆ ಹೇಳಿದಳು:

'ಹೆಬ್ಬಟ್ಟ ಒತ್ತಣ್ಣಾ, ಹಿಂದ ಮಂದಿ ನಿಂತಾರ.'

ಮಾವ ತಲೆಯೆತ್ತಿ ಅವಳನ್ನು ನೋಡಿದ. ಅವನಿಗೂ ನೆನಪಿತ್ತು. ಪೆನ್ನು ಕೆಳಗಿಟ್ಟು, ಮಸಿಯ ಡಬ್ಬಿಯಲ್ಲಿ ಹೆಬ್ಬೆರಳು ಅದ್ದಿ ಒತ್ತಿದ.

ಆಮೇಲೆ ಬರೆಸಿಕೊಂಡವಳು ರುಜು ಮಾಡಬೇಕಾಗಿತ್ತು. ಗುಮಾಸ್ತ ಅವ್ವನ ವಯಸ್ಸು ನೋಡಿ ಮಸಿಯ ಡಬ್ಬಿಯನ್ನು ಅವಳ ಕಡೆ ಸರಿಸಿದ. ಅವ್ವ ಅದನ್ನು ಒಂದು ಬೆರಳಿನಿಂದ ಆಚೆ ತಳ್ಳಿ, 'ಪೆನ್ನು ಕೊಡಪ್ಪಾ' ಅಂದಳು. ಚಾಳೀಸಿನ ಕನ್ನಡಕ ಹಾಕಿಕೊಂಡಳು. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ತನ್ನ ಹೆಸರನ್ನು ಗುಂಡಗೆ, ಒಂದೊಂದೇ ಅಕ್ಷರ ಬಿಡಿಸಿ ಬರೆಯತೊಡಗಿದಳು. ಒತ್ತಕ್ಷರ ಬಂದಲ್ಲಿ ನಿಂತು, ನೋಡಿ, ಮತ್ತೆ ಬರೆದಳು. ಮುಗಿದ ಮೇಲೆ ಅದರ ಕೆಳಗೆ, ಯಾರೂ ಕೇಳಿರದಿದ್ದರೂ, ಇಂಥವಳ ಮಗಳು ಅಂತ ತನ್ನ ಅವ್ವನ ತವರು ಹೆಸರನ್ನೂ ಬರೆಯಲು ಸುರು ಮಾಡಿದಳು.

ಹಿಂದೆ ಮಂದಿ ನಿಂತಿದ್ದರು. ನಿಲ್ಲಲಿ ಅಂತ ನಾನು ಬಾಗಿಲಿಗೆ ಅಡ್ಡ ನಿಂತೆ.